ಅರ್ಧ ಕ್ಷೌರ

"ಹದಿನೇಳು ವರ್ಷ ಆದಮೇಲೆ, ಮನೆ ಬಾಗಿಲು ಒಳಕ್ಕೆ ತೆಗೀತಿತ್ತೋ ಹೊರಕ್ಕೆ ತೆಗೀತಿತ್ತೋ ಅಂತ ಯಾರಿಗೆ ನೆನಪಿರುತ್ತೆ?"

ಕ್ಷೌರದಣ್ಣ ಇದನ್ನು ಯಾರನ್ನೂ ಕೇಳಲಿಲ್ಲ. ಎದುರಿಗಿದ್ದ ಸುಣ್ಣದ ಗೋಡೆಯನ್ನು ನೋಡುತ್ತ ಹೇಳಿದ, ಅಷ್ಟೆ. ಬ್ರಷ್ಷು ಸೋಪಿನ ಡಬ್ಬಿಯೊಳಗೆ ಗಿರಗಿರ ತಿರುಗುತ್ತಲೇ ಇತ್ತು. ನೊರೆ ಉಕ್ಕಿ ಬೆರಳುಗಳ ಮೇಲೆ ಇಳಿದದ್ದೂ ಅವನಿಗೆ ಗೊತ್ತಾಗಲಿಲ್ಲ. ಸ್ಟೂಲಿನ ಮೇಲೆ ಮುಖವೊಡ್ಡಿ ಕೂತಿದ್ದ ಲಾರಿ ಡ್ರೈವರು ಒಂದು ಕಣ್ಣು ತೆರೆದು, "ನನ್ನ ಕೇಳಿದ್ಯಾ ಅಣ್ಣ?" ಎಂದ.

"ನಿನ್ನ ಯಾರು ಕೇಳಿದ್ರು? ಬಾಯಿ ಮುಚ್ಚು, ಸೋಪು ಒಳಗೆ ಹೋಗುತ್ತೆ."

ನಾಲ್ಕು ಹೆಜ್ಜೆ ಆಚೆ, ಅದೇ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಗುಮಾಸ್ತರು ಯಾರದೋ ಜಾಮೀನು ಅರ್ಜಿ ಬರೆಯುತ್ತಿದ್ದರು. ಆ ಪ್ರಶ್ನೆ ಅವರ ಕಿವಿಗೂ ಬಿತ್ತು. ಪೆನ್ನು ಒಂದು ಗಳಿಗೆ ನಿಂತಿತು. ತಲೆಯೆತ್ತಿದರೆ ಕ್ಷೌರದಣ್ಣನ ಕಣ್ಣಿಗೆ ಕಣ್ಣು ಸೇರೀತೆಂದು ಹೆದರಿ, ಇನ್ನಷ್ಟು ಬಗ್ಗಿ ಬರೆದರು.

ಹೆದರಲಿಕ್ಕೆ ಕಾರಣವಿತ್ತು. ಹಿಂದಿನ ಸಂಜೆ ಎಣಿಕೆ ಮುಗಿದು ಎಲ್ಲರೂ ಅಂಗಳದಲ್ಲಿ ಸಾಲಾಗಿ ಕೂತಿದ್ದಾಗ, ಜೈಲಿನ ಕಲ್ಯಾಣಾಧಿಕಾರಿಯಮ್ಮ ಬಂದು, ಅವಧಿಗೆ ಮುಂಚೆ ಬಿಡುಗಡೆಯಾಗುವ ಆರು ಜನರ ಹೆಸರು ಓದಿದ್ದರು. ಮೊದಲ ಹೆಸರಿನವನು ಗೊಳೋ ಎಂದು ಅತ್ತ. ಇನ್ನೊಬ್ಬ ಪಕ್ಕದವನ ತೊಡೆ ಹಿಂಡಿದ. ಆರನೆಯ ಹೆಸರಿಗೆ ಯಾರೂ ಏಳಲಿಲ್ಲ. ಅಮ್ಮ ಎರಡನೇ ಸಲ ಓದಿದರು. ಕ್ಷೌರದಣ್ಣನೇ ಹಿಂದೆ ತಿರುಗಿ, "ಯಾರಪ್ಪ ಅದು ಪುಣ್ಯವಂತ? ಎದ್ದೇಳೋ, ಸಂಕೋಚ ಯಾಕೆ?" ಎಂದು ಗದರಿದ. ಮೀಸೆ ವಾರ್ಡರು ನಡೆದುಬಂದು ಅವನದೇ ಭುಜ ತಟ್ಟಿದಾಗಲೇ ಅವನಿಗೆ ಆ ಹೆಸರು ತನ್ನದೆಂದು ನೆನಪಾದದ್ದು. ಹದಿನೇಳು ವರ್ಷದಿಂದ ಅದನ್ನು ಯಾರೂ ಕೂಗಿರಲಿಲ್ಲ.

ನಕ್ಕವರೆಲ್ಲ ನಕ್ಕರು. ಕ್ಷೌರದಣ್ಣ ನಗಲಿಲ್ಲ. ಅರ್ಜಿಯನ್ನೇ ಹಾಕದವನಿಗೆ ಬಿಡುಗಡೆ ಹೇಗೆ ಬಂತು? ಅವನು ಆ ಸಂಜೆಯೆಲ್ಲ ಅದನ್ನೇ ಮೆಲುಕು ಹಾಕುತ್ತಿದ್ದುದು ಗುಮಾಸ್ತರಿಗೆ ಕಾಣುತ್ತಿತ್ತು.

ಇಬ್ಬರೂ ಜೀವಾವಧಿ ಕೈದಿಗಳು, ಎಂಟು ವರ್ಷದ ಜೋಡಿ. ಕ್ಷೌರದಣ್ಣನಿಗೆ ಅಕ್ಷರ ಬಾರದು. ಗುಮಾಸ್ತರಿಗೆ ಮನುಷ್ಯರನ್ನು ಮಾತಾಡಿಸಲು ಬಾರದು. ಬೆಳಿಗ್ಗೆ ಮೀಸೆ ವಾರ್ಡರು ಎಂಟು ಬ್ಲೇಡು ಎಣಿಸಿ ಕೊಟ್ಟು ಮಧ್ಯಾಹ್ನ ಎಂಟನ್ನೂ ಎಣಿಸಿ ಒಯ್ಯುವವರೆಗೆ, ಆ ನಲ್ಲಿಯ ಕಟ್ಟೆಯ ಪಕ್ಕ ಕ್ಷೌರದಣ್ಣನ ದರ್ಬಾರು. ಅವನದೊಂದು ನಿಯಮ. ಮೊದಲು ಎಡಗೆನ್ನೆ. ಎಡಗೆನ್ನೆ ಮುಗಿಯುವುದರೊಳಗೆ ಕೂತವನು ತನ್ನ ಕೇಸು ಹೇಳಬೇಕು. ಸುಳ್ಳೆಂದು ಅನ್ನಿಸಿದರೆ, ಅಥವಾ ಮಧ್ಯದಲ್ಲೇನೋ ನುಂಗಿಕೊಂಡನೆಂದು ಅನ್ನಿಸಿದರೆ, ಬ್ಲೇಡು ಒರೆಸಿ ಪೆಟ್ಟಿಗೆಗೆ ಹಾಕಿಬಿಡುವನು. "ಮಿಕ್ಕಿದ್ದು ಹೇಳಿದ ದಿನ ಮಿಕ್ಕಿದ್ದು ಮಾಡ್ತೀನಿ, ಹೋಗು." ಹಾಗೆ ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಪೊದೆಯಾಗಿ ನಾಲ್ಕೈದು ದಿನ ತಿರುಗಿದವರಿದ್ದರು. ಒಮ್ಮೆ ಸೂಪರಿಂಟೆಂಡೆಂಟ್ ಸಾಹೇಬರು ತಪಾಸಣೆಗೆ ಬಂದಾಗ ಅಂಥವನೊಬ್ಬನನ್ನು ನಿಲ್ಲಿಸಿ, "ಇದೇನಯ್ಯ ಅವತಾರ?" ಎಂದರೆ, ಅವನು ಕೈ ಕಟ್ಟಿ, "ಇನ್ನೂ ನಿಜ ಹೇಳಿಲ್ಲ ಸಾರ್" ಎಂದಿದ್ದ. ಸಾಹೇಬರು ಏನೂ ತಿಳಿಯದೆ ಮುಂದೆ ಹೋದರು.

ಇದರಲ್ಲಿ ತಮಾಷೆ ಇದ್ದಷ್ಟೇ ಕೆಲಸವೂ ಇತ್ತು. ಕಾಗದ ಹಿಡಿದು ಕೂತ ಗುಮಾಸ್ತರನ್ನು ಕಂಡರೆ ಕೈದಿಗಳು ವಕೀಲರ ಭಾಷೆ ಶುರು ಮಾಡುತ್ತಿದ್ದರು. "ನಾನು ಸಂಪೂರ್ಣ ನಿರಪರಾಧಿ, ದುರುದ್ದೇಶದಿಂದ ಸಿಕ್ಕಿಸಿದ್ದಾರೆ" ಎಂಬ ಒಂದೇ ಮಾತು, ನೂರು ಬಾಯಲ್ಲಿ. ಅದನ್ನು ಬರೆದು ಕಳಿಸಿದರೆ ಯಾವ ನ್ಯಾಯಾಧೀಶರು ಎರಡನೇ ಸಾಲು ಓದುತ್ತಾರೆ? ಕತ್ತಿನ ಬಳಿ ಬ್ಲೇಡು ಆಡುವಾಗ, ಬೆಚ್ಚಗಿನ ನೊರೆ ಮುಖದ ಮೇಲಿರುವಾಗ, ಅದೇ ಮನುಷ್ಯನ ಬಾಯಿಂದ ಬೇರೆ ಮಾತು ಬರುತ್ತಿತ್ತು. ಕ್ಷೌರದಣ್ಣ ಅದನ್ನು ಮರೆಯದಂತೆ ಹಾಡಿನ ಮಟ್ಟಿನಲ್ಲಿ ಕೂರಿಸಿಕೊಳ್ಳುತ್ತಿದ್ದ. ಅವನ ಅಜ್ಜಿ ಉದ್ದುದ್ದ ಕಥೆಗಳನ್ನು ಪದ್ಯದಲ್ಲೇ ಹೇಳುತ್ತಿದ್ದಳಂತೆ. ಅವನು ಕಲಿತದ್ದು ಅಷ್ಟೇ. ಸಂಜೆ ಬೀಗ ಬೀಳುವ ಮುಂಚೆ ಗುಮಾಸ್ತರ ಪಕ್ಕ ಕೂತು, ಕಣ್ಣು ಮುಚ್ಚಿ ಒಪ್ಪಿಸುವನು:

"ಮೂರನೇ ಕೋರ್ಟಿನ ಮುನ್ನೂರ ಹನ್ನೆರಡು
ಊರಲ್ಲೇ ಇಲ್ಲದ ದಿನ ಕಳ್ಳನಾದ
ಸಾರಿಗೆ ಬಸ್ಸಿನ ಚೀಟಿಯು ಜೇಬಲ್ಲಿ
ಯಾರೂನು ಕೇಳಿಲ್ಲ ಇವತ್ತಿಗೂ."

ಆ ಮುನ್ನೂರ ಹನ್ನೆರಡರವನು ಹದಿನಾಲ್ಕು ತಿಂಗಳಿಂದ ವಿಚಾರಣೆಯೇ ಇಲ್ಲದೆ ಒಳಗಿದ್ದ. ಪೊಲೀಸರು ಅವನ ಮೈಮೇಲಿಂದ ಜಪ್ತಿ ಮಾಡಿದ ಬಟ್ಟೆಯ ಗಂಟಿನಲ್ಲೇ ಬಸ್ಸಿನ ಚೀಟಿ ಇರಬೇಕೆಂದು ಗುಮಾಸ್ತರು ಬರೆದರು. ಇತ್ತು. ಮೂರು ವಾರದಲ್ಲಿ ಜಾಮೀನು ಸಿಕ್ಕಿತು. ಚಿಕ್ಕಂದಿನಲ್ಲಿ ತಾಯಿ ಪಾರಾಯಣ ಮಾಡುವಾಗ ಸೆರಗು ಹಿಡಿದು ಕೂತು ಕೇಳಿದ ಗುಮಾಸ್ತರಿಗೆ, ದಿನದ ಈ ಅರ್ಧ ಗಂಟೆ ಬೇರೆಯೇ. ಬೆಳಿಗ್ಗೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಾಗ ಸಿಗದ ನೆಮ್ಮದಿ ಅವರಿಗೆ ಈ ಕೇಸ್ ನಂಬರುಗಳಲ್ಲಿ ಸಿಗುತ್ತಿತ್ತು. ಇದನ್ನು ಅವರು ದೇವರಿಗೂ ಹೇಳಿರಲಿಲ್ಲ.

ನಿಯಮದಿಂದ ವಿನಾಯಿತಿ ಇದ್ದದ್ದು ಗುಮಾಸ್ತರೊಬ್ಬರಿಗೆ. ಬಂದ ಮೊದಲ ವಾರ ಸ್ಟೂಲಿನ ಮೇಲೆ ಕೂತು, "ನನ್ನ ಕೇಸಲ್ಲಿ ಹೇಳೋಂಥದ್ದೇನೂ ಇಲ್ಲ" ಎಂದಿದ್ದರು. ಕ್ಷೌರದಣ್ಣ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬಲಗೆನ್ನೆಗೆ ಕೈ ಹಾಕಿದ್ದ. ಎಂಟು ವರ್ಷದಲ್ಲಿ ಮತ್ತೆ ಕೇಳಿರಲಿಲ್ಲ.

ಲಾರಿ ಡ್ರೈವರನ ಕ್ಷೌರ ಮುಗಿಯಿತು. ಕ್ಷೌರದಣ್ಣ ಟವೆಲ್ಲು ಕೊಡವಿ, ನೇರವಾಗಿ ಬಂದು ಗುಮಾಸ್ತರೆದುರು ಕುಕ್ಕುರುಗಾಲಲ್ಲಿ ಕೂತ.

"ಗುಮಾಸ್ತ್ರೇ, ಒಂದು ಮಾತು. ನಾನು ಯಾವಾಗ ಹೆಬ್ಬೆಟ್ಟು ಒತ್ತಿದೆ?"

"ದಿನಾ ಒತ್ತುತೀಯಲ್ಲ ಅಣ್ಣ. ಸಾಕ್ಷಿ ಅಂತ."

"ಸಾಕ್ಷಿ ಅಂತ ಒತ್ತಿದ್ದು ಬಿಡಿ. ನನ್ನದಕ್ಕೆ ಅಂತ ಒತ್ತಿದ್ದು."

ಗುಮಾಸ್ತರು ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. "ಹೋದ ವರ್ಷ. ನಿನಗೆ ಜ್ವರ ಬಿಟ್ಟ ಮರುದಿನ. ಏಳು ಕಾಗದ ಇದ್ವು. ಐದನೇದು ನಿಂದು."

ಕ್ಷೌರದಣ್ಣ ತನ್ನ ಹೆಬ್ಬೆರಳನ್ನು ಎತ್ತಿ, ಅದು ಬೇರೆ ಯಾರದೋ ಎಂಬಂತೆ ನೋಡಿದ. "ಹೆಬ್ಬೆಟ್ಟು ಕದ್ದೆಯಲ್ಲೋ! ಈ ಜೈಲಲ್ಲಿ ಸರ ಕದ್ದವರು ಇದಾರೆ, ಸೈಕಲ್ಲು ಕದ್ದವರು ಇದಾರೆ. ಮನುಷ್ಯನ ಬೆರಳು ಕದ್ದವನು ನೀನೊಬ್ಬನೇ ಕಣೋ!"

ಎಂಟು ವರ್ಷ 'ಗುಮಾಸ್ತ್ರೇ, ನೀವು' ಎಂದವನು ಒಂದೇ ಏಟಿಗೆ 'ನೀನು' ಎಂದಿದ್ದ. ಬೈಸಿಕೊಳ್ಳುತ್ತಿದ್ದರೂ ಗುಮಾಸ್ತರಿಗೆ ಒಳಗೆಲ್ಲೋ ಹಿತವಾಯಿತು.

"ಯಾಕೆ ಮಾಡ್ದೆ? ನಾನು ಕೇಳಿದ್ನಾ?"

"ಫಾರಂ ಖಾಲಿ ಬಿದ್ದಿತ್ತು," ಎಂದರು ಗುಮಾಸ್ತರು.

ನಿಜವಾದ ಕಾರಣ ಆ ಜ್ವರ. ಮೂರು ದಿನ ಜೈಲಿನ ಆಸ್ಪತ್ರೆಯ ಮಂಚದ ಮೇಲೆ ಕ್ಷೌರದಣ್ಣ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ. ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ಕೂತವರು ಗುಮಾಸ್ತರು. ಮೂರು ದಿನವೂ ಅವನು ಹೇಳಿದ್ದು ಒಂದೇ ಮಾತು: "ಕನ್ನಡಿ ಒರೆಸು ಮಗಾ, ಗಿರಾಕಿ ಬಂದ್ರು." ಊರಿನಲ್ಲಿ ಅವನದೊಂದು ಕ್ಷೌರದ ಅಂಗಡಿ ಇತ್ತೆಂದೂ ಮಗಳಿದ್ದಾಳೆಂದೂ ಎಲ್ಲರಿಗೂ ಗೊತ್ತಿತ್ತು. ಅವಳ ಗಂಡನನ್ನೇ ಕೊಂದು ಇವನು ಒಳಗೆ ಬಂದದ್ದೆಂದೂ ಗೊತ್ತಿತ್ತು. ಆ ಗಂಡ ಅವಳನ್ನು ಹೊಡೆಯುತ್ತಿದ್ದ. ಒಂದು ದಿನ ಅಪ್ಪನ ಕಣ್ಣೆದುರೇ ಹೊಡೆದ. ಕೋರ್ಟಿನಲ್ಲಿ ಇದ್ದ ಒಂದೇ ಸಾಕ್ಷಿ ಮಗಳು. ಅವಳು ಕಟಕಟೆಯಲ್ಲಿ ನಿಂತು, "ಹೌದು, ಅಪ್ಪನೇ" ಎಂದಳು. ಜೀವಾವಧಿ ಆಯಿತು. ಇಷ್ಟನ್ನು ಕ್ಷೌರದಣ್ಣ ಮುಚ್ಚಿಟ್ಟಿರಲಿಲ್ಲ. ಆದರೆ ಹದಿನಾಲ್ಕು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಬಿಡುಗಡೆಯ ಫಾರಂ ಬಂದಾಗ, "ಮುಂದಿನ ವರ್ಷ ನೋಡೋಣ" ಎಂದು ಜಾರಿಕೊಳ್ಳುತ್ತಿದ್ದ. ಬಿಡುಗಡೆಗೆ ಪೊಲೀಸರ ವರದಿ, ಅಧಿಕಾರಿಯಮ್ಮನ ವರದಿಯ ಜೊತೆಗೆ ಮನೆಯವರ ಒಪ್ಪಿಗೆ ಪತ್ರವೂ ಬೇಕು. "ಯಾರ ಹತ್ರ ಕೇಳಲಿ? ಗಂಡನ್ನ ಕಳಕೊಂಡವಳ ಹತ್ರವಾ?" ಎನ್ನುತ್ತಿದ್ದ.

ಈಗ ಅವನು ಎದ್ದು ನಿಂತು ಅಪ್ಪಣೆ ಮಾಡಿದ. "ಕಾಗದ ತಗೋ. ಬರಿ. ನನಗೆ ಬಿಡುಗಡೆ ಬೇಡ, ಅರ್ಜಿ ವಾಪಸ್ ತಗೊಂಡಿದೀನಿ ಅಂತ. ಹನ್ನೆರಡು ದಿನಕ್ಕೆ ಮುಚ್ಚಳಿಕೆ ಬರೆಸ್ಕೊಂಡು ಆಚೆ ಹಾಕ್ತಾರಂತೆ. ಅದಕ್ಕೆ ಮುಂಚೆ ಈ ಕಾಗದ ಹೋಗ್ಬೇಕು."

ಯಾರು ಕೇಳಿದರೂ, ಏನು ಕೇಳಿದರೂ, ಗುಮಾಸ್ತರು ಇದುವರೆಗೆ ಬರೆಯಲ್ಲ ಎಂದವರಲ್ಲ. ಆ ಮಾತು ಅವರ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. "ಬರೀತೀನಿ ಅಣ್ಣ," ಎಂದರು. "ನಾಳೆ ಬಾ."

ಇಪ್ಪತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಕಲಿತ ವಿದ್ಯೆಯನ್ನೆಲ್ಲ ಅವರು ಆ ಹನ್ನೆರಡು ದಿನದಲ್ಲಿ ಖರ್ಚು ಮಾಡಿದರು. ಮರುದಿನ ಬಂದರೆ ಕಾಗದ ಮುಗಿದಿತ್ತು. ಕಾಗದ ತಂದುಕೊಟ್ಟರೆ, ಇದು ಗೆರೆ ಹಾಕಿದ ಕಾಗದ, ವಾಪಸಾತಿ ಅರ್ಜಿಗೆ ಬಿಳಿ ಹಾಳೆಯೇ ಆಗಬೇಕು. ಬಿಳಿ ಹಾಳೆ ಬಂತು. ಯಾವ ಕಲಮಿನ ಕೆಳಗೆ ಬರೆಯಬೇಕೆಂದು ನಿಯಮಾವಳಿ ನೋಡಬೇಕಾಯಿತು. ನಿಯಮಾವಳಿ ಗ್ರಂಥಾಲಯದಲ್ಲಿತ್ತು, ಗ್ರಂಥಾಲಯ ಶನಿವಾರ ಮಾತ್ರ ತೆರೆಯುತ್ತಿತ್ತು. ಶನಿವಾರ ಅವರಿಗೆ ತಲೆನೋವು.

"ನಿನ್ನ ಕಚೇರಿಗೆ ಬಂದೋರೆಲ್ಲ ಹಿಂಗೇ ಸತ್ತಿರ್ಬೇಕು," ಎಂದ ಕ್ಷೌರದಣ್ಣ ಆರನೇ ದಿನ.

"ಕೆಲವರು ಬದುಕಿದಾರೆ."

"ನಾಳೆ ಬರೀದೇ ಇದ್ರೆ ಬೇರೆಯವನ ಹತ್ರ ಬರೆಸ್ತೀನಿ."

"ಬರೆಸು. ಲಾರಿ ಡ್ರೈವರಿಗೆ ಅಕ್ಷರ ಬರುತ್ತೆ."

"ಅವನು ಬರೆದ್ರೆ ಜೈಲಿನ ಬದಲು ನನ್ನನ್ನ ಹೊಳೆಗೆ ಹಾಕ್ತಾರೆ!"

ಹೀಗೆ ಜಗಳವಾಡಿದರೂ ಸಂಜೆ ಬಂದು ಪಕ್ಕದಲ್ಲಿ ಕೂರುವುದನ್ನು ಅವನು ಬಿಡಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡೇ ಅಂದಿನ ಕೇಸುಗಳನ್ನು ಒಪ್ಪಿಸುತ್ತಿದ್ದ. ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ಇವನು ಹೋದಮೇಲೆ ಈ ಕಾಗದಗಳಲ್ಲಿ ಮತ್ತೆ "ಸಂಪೂರ್ಣ ನಿರಪರಾಧಿ" ಮಾತ್ರ ಉಳಿಯುತ್ತಾನೆಂಬುದು ಅವರಿಗೆ ಗೊತ್ತಿತ್ತು. ಆ ಐದನೇ ಕಾಗದವನ್ನು ಹೆಬ್ಬೆಟ್ಟಿನ ಕೆಳಗೆ ಸರಿಸುವಾಗಲೂ ಗೊತ್ತಿತ್ತು. ಇನ್ನೂ ಆರು ವರ್ಷ ಕಳೆದರೆ ತಮಗೂ ಫಾರಂ ಬರುತ್ತದೆ. ಆರು ವರ್ಷದ ಸಂಜೆಗಳನ್ನು ಲೆಕ್ಕ ಹಾಕಹೊರಟು ಎರಡು ಸಲ ನಡುವೆಯೇ ಕೈಬಿಟ್ಟಿದ್ದರು.

ಎಂಟನೇ ದಿನ ಕ್ಷೌರದಣ್ಣ ತಾನಾಗಿಯೇ ಕೇಳಿದ, ಬ್ಲೇಡನ್ನು ನೀರಿನಲ್ಲಿ ಅಲುಗಿಸುತ್ತ, ಯಾವುದೋ ಕೆಲಸಕ್ಕೆ ಬಾರದ ವಿಷಯವೆಂಬಂತೆ. "ಅಲ್ಲ, ಒಪ್ಪಿಗೆ ಪತ್ರ ಯಾರು ಕೊಟ್ರು?"

"ನಿನ್ನ ಮಗಳು."

"ಸುಳ್ಳು."

"ಅಧಿಕಾರಿಯಮ್ಮನ ಕೈಲಿ ಫಾರಂ ಕಳಿಸಿದ್ದೆ. ವಿಳಾಸ ನಿನ್ನ ತೀರ್ಪಿನ ಪ್ರತಿಯಲ್ಲಿತ್ತು. ಅವಳೇ ತುಂಬಿದ್ದಾಳೆ. ಓದಲಾ?"

"ನೀನು ಓದ್ಬೇಡ!" ಬ್ಲೇಡು ತಟ್ಟೆಗೆ ಟಣ್ಣೆಂದು ಬಿತ್ತು. "ನಿನ್ನ ಕೈ ಏನು ಬೇಕಾದ್ರೂ ಬರೆಯುತ್ತೆ, ನಿನ್ನ ಬಾಯಿ ಏನು ಬೇಕಾದ್ರೂ ಓದುತ್ತೆ. ನಾನು ಹೆಬ್ಬೆಟ್ಟಿನವನು. ನನಗೇನು ಗೊತ್ತಾಗುತ್ತೆ?"

ಆ ಮಾತು ಗುಮಾಸ್ತರಿಗೆ ನಾಟಿತು. ಅಕ್ಷರವಿಲ್ಲದವನು ಅಕ್ಷರವಿದ್ದವನ ಮೇಲೆ ಎಂಟು ವರ್ಷ ಇಟ್ಟಿದ್ದ ನಂಬಿಕೆ ಅದು. ಅದನ್ನು ತಾವು ಒಂದೇ ಕಾಗದ ಸರಿಸಿ ಮುಗಿಸಿದ್ದರು. ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡರೂ ಕದ್ದದ್ದು ಕದ್ದದ್ದೇ. ಅವರು ಎದ್ದುಹೋಗಿ, ಕಲ್ಯಾಣಾಧಿಕಾರಿಯಮ್ಮನ ಕೋಣೆಯ ಮುಂದೆ ಒಂದು ಗಂಟೆ ಕಾದು, ಫಾರಮ್ಮಿನ ನಕಲು ಕೇಳಿ ಪಡೆದರು. ತಂದು ಕ್ಷೌರದಣ್ಣನ ಕೈಗೆ ಕೊಡಲಿಲ್ಲ. ಮಾರನೇ ಬೆಳಿಗ್ಗೆ ಸರದಿಯಲ್ಲಿ ಬಂದು ಸ್ಟೂಲಿನ ಮೇಲೆ ಕೂತ ಲಾರಿ ಡ್ರೈವರನ ಕೈಗೆ ಕೊಟ್ಟು, ತಾವು ಕಿವಿಗೆ ಬೀಳದಷ್ಟು ದೂರ ಹೋಗಿ ನಿಂತರು.

ಕಿವಿಗೆ ಬೀಳದಷ್ಟು ದೂರ ಎಂದುಕೊಂಡಿದ್ದರು. ಡ್ರೈವರು ಹೆದ್ದಾರಿಯ ಫಲಕ ಓದುವವನಂತೆ ಒಂದೊಂದೇ ಅಕ್ಷರ ಕೂಡಿಸಿ ಕೂಗಿ ಓದಿದ್ದು ಅರ್ಧ ಅಂಗಳಕ್ಕೆ ಕೇಳಿತು.

"ಕೈ-ದಿ-ಯೊಂ-ದಿ-ಗೆ ಸಂಬಂಧ... ಮಗಳು. ಸರಿ. ಉದ್-ಯೋ-ಗ... ಕ್ಷೌರದ ಅಂಗಡಿ."

"ಏನಂದೆ?"

"ಕ್ಷೌರದ ಅಂಗಡಿ ಅಣ್ಣ. ಹಂಗೇ ಬರ್ದಿದೆ."

"ಅವಳು ನಡೆಸ್ತಿದಾಳಾ? ಹೆಣ್ಣು ಹುಡುಗಿ?" ಬ್ರಷ್ಷು ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. "ಮುಂದೆ ಓದು, ಮುಂದೆ."

"ಬಿಡುಗಡೆಯ ನಂತರ ಜೀ-ವ-ನೋ-ಪಾ... ಅಯ್ಯೋ ಉದ್ದ ಇದೆ... ಜೀವನೋಪಾಯ. ಅಂಗಡಿಯಲ್ಲಿ ಎರಡು ಕುರ್ಚಿ ಇವೆ. ಒಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಇಟ್ಟಿಗೆ ಇಟ್ಟಿರುವ ಕುರ್ಚಿ ಹಾಗೇ ಇದೆ. ಅದರ ಮೇಲೆ ಯಾರನ್ನೂ ಕೂರಿಸಿಲ್ಲ." ಡ್ರೈವರು ತಲೆ ಕೆರೆದ. "ಇಟ್ಟಿಗೆ ಅಂದ್ರೇನಣ್ಣ?"

ಕ್ಷೌರದಣ್ಣ ಬ್ರಷ್ಷನ್ನು ಡಬ್ಬಿಗಿಟ್ಟ. ತನಗೇ ಹೇಳಿಕೊಳ್ಳುವಂತೆ, "ಆ ಕುರ್ಚಿದು ಒಂದು ಕಾಲು ಮೋಟು, ಕೆಳಗೆ ಇಟ್ಟಿಗೆ ಕೊಟ್ಟಿದ್ದೆ," ಎಂದ. "ಒಳಗೆ ಬಂದಮೇಲೆ ಆ ಇಟ್ಟಿಗೆ ವಿಷಯ ನಾನು ಒಬ್ಬರ ಹತ್ರಾನೂ ಆಡಿಲ್ಲ."

"ಇನ್ನೊಂದು ಸಾಲಿದೆ. ಬಿಡುಗಡೆಗೆ ಆ-ಕ್ಷೇ-ಪ-ಣೆ ಇದೆಯೇ... ಇದೆ." ಡ್ರೈವರು ಗಾಬರಿಯಾಗಿ ತಲೆಯೆತ್ತಿದ. "ಇದೆ ಅಂತ ಬರ್ದವ್ಳೆ ಅಣ್ಣ!"

"ಓದೋ!"

"ಇದೆ. ಮೊದಲ ವರ್ಷ ಮೂರು ಸಲ ನೋಡಲು ಹೋದೆ. ಮೂರು ಸಲವೂ ಅಪ್ಪ ಹೊರಗೆ ಬರಲಿಲ್ಲ. ಈ ಸಲ ಬರಬೇಕು."

ಈ ಸಾಲು ಗುಮಾಸ್ತರಿಗೆ ಬಾಯಿಪಾಠ. ಫಾರಂ ತುಂಬಿ ವಾಪಸು ಬಂದಾಗ ಕಲ್ಯಾಣಾಧಿಕಾರಿಯಮ್ಮ ತಲೆಯ ಮೇಲೆ ಕೈ ಹೊತ್ತಿದ್ದರು. ಆ ಅಂಕಣದಲ್ಲಿ 'ಇದೆ' ಎಂದಿದ್ದರೆ ಬಿಡುಗಡೆ ಸಮಿತಿಯವರು ಮುಂದಿನ ಅಕ್ಷರವನ್ನೂ ಓದದೆ ಫೈಲು ಮುಚ್ಚುತ್ತಾರೆ. ಗುಮಾಸ್ತರು ಎರಡು ಪುಟದ ಟಿಪ್ಪಣಿ ಬರೆದುಕೊಟ್ಟಿದ್ದರು: ಸದರಿ ಆಕ್ಷೇಪಣೆಯು ಬಿಡುಗಡೆಯ ಕುರಿತಾದದ್ದಲ್ಲ, ಇದುವರೆಗೆ ಬಿಡುಗಡೆಯಾಗದಿರುವುದರ ಕುರಿತಾದದ್ದು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ಖುಷಿಯಿಂದ ಅವರು ಒಂದು ಟಿಪ್ಪಣಿ ಬರೆದದ್ದಿಲ್ಲ.

ಮೂರು ಸಲ ಬಂದದ್ದು ನಿಜ. "ನಿನ್ನ ಮಗಳು ಬಂದಿದಾಳೆ" ಎಂದು ವಾರ್ಡರು ಮೂರು ಸಲ ಕೂಗಿದ್ದ. ಮೂರು ಸಲವೂ ಕ್ಷೌರದಣ್ಣ ಕತ್ತರಿಗೆ ಎಣ್ಣೆ ಹಾಕುತ್ತ ಕೂತಿದ್ದ. ಯಾವ ಮುಖ ತೋರಿಸಲಿ ಎಂದು ಅವನು. ಯಾವ ಮುಖದಿಂದ ಬಂದೆ ಅಂತಾನೋ ಎಂದು ಅವಳು. ಅಷ್ಟೇ ಸಾಕಾಗಿತ್ತು ಹದಿನಾರು ವರ್ಷಕ್ಕೆ.

ಅಂದು ಕ್ಷೌರದಣ್ಣ ಡ್ರೈವರನ ಎರಡೂ ಕೆನ್ನೆಯನ್ನು ಒಂದೂ ಮಾತು ಕೇಳದೆ ಮುಗಿಸಿದ. ಎರಡು ಕಡೆ ಕೊಯ್ದ. ಹದಿನೇಳು ವರ್ಷದಲ್ಲಿ ಅವನ ಕೈಯಲ್ಲಿ ರಕ್ತ ಬಂದದ್ದು ಅದೇ ಮೊದಲಂತೆ. ಡ್ರೈವರು ಅದನ್ನು ಪದಕದ ಹಾಗೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದ. ಸಂಜೆ ಕ್ಷೌರದಣ್ಣ ಗುಮಾಸ್ತರ ಪಕ್ಕ ಬಂದು ಕೂತ. ವಾಪಸಾತಿ ಅರ್ಜಿಯ ಮಾತೆತ್ತಲಿಲ್ಲ. "ಬಿಳಿ ಹಾಳೆ ಉಳಿದಿದ್ರೆ ಕೊಡು," ಎಂದು ಇಸಕೊಂಡು, ನಾಲ್ಕಾಗಿ ಮಡಿಸಿ, ಅದರೊಳಗೆ ಆ ನಕಲನ್ನಿಟ್ಟು ಜೇಬಿಗೆ ಹಾಕಿದ.

ಹನ್ನೆರಡನೇ ದಿನ ಬೆಳಿಗ್ಗೆ ಕಚೇರಿಯಲ್ಲಿ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತುವುದಿತ್ತು. ಊರು ಬಿಟ್ಟು ಹೋಗುವಂತಿಲ್ಲ, ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಮುಖ ತೋರಿಸಬೇಕು, ಮತ್ತೆ ಯಾವ ಗಲಾಟೆಗೂ ಹೋಗಕೂಡದು. ಜೈಲರು ಮಸಿಯ ಪ್ಯಾಡು ಮುಂದೆ ತಳ್ಳಿದರೆ, ಕ್ಷೌರದಣ್ಣ ಕೈ ಹಿಂದೆ ಕಟ್ಟಿ ನಿಂತ. "ಯಾರಾದ್ರೂ ಇಬ್ಬರು ಬೇರೆ ಬೇರೆ ಓದಿ ಹೇಳ್ಲಿ ಸಾರ್. ಈ ಬೆರಳು ಒಂದ್ಸಲ ಕಳುವಾಗಿತ್ತು." ಜೈಲರು ಓದಿದರು, ಮೀಸೆ ವಾರ್ಡರು ಓದಿದ. ಆಮೇಲೆ ಒತ್ತಿದ.

ಬಿಡುಗಡೆಗೆ ಇನ್ನೂ ಒಂದು ಗಂಟೆ ಇತ್ತು. ಅವನು ಸೀದಾ ನಲ್ಲಿಯ ಕಟ್ಟೆಗೆ ಬಂದು, ಪೆಟ್ಟಿಗೆ ತೆರೆದು, ಹೊಸ ಬ್ಲೇಡು ಹಾಕಿ, "ಗುಮಾಸ್ತ, ಬಾ," ಎಂದ. ಹೊರಗೆ ಹೋಗಲು ಕೊಟ್ಟ ಅಂಗಿ ತೊಟ್ಟಿದ್ದ. ಅದು ಬೇರೆ ಯಾರ ಅಳತೆಯದೋ, ತೋಳು ಅಂಗೈ ಮುಟ್ಟುತ್ತಿತ್ತು. ತೋಳು ಮಡಿಸಿಕೊಂಡು ಗುಮಾಸ್ತರ ಎರಡೂ ಕೆನ್ನೆಗೆ ನೊರೆ ಹಚ್ಚಿದ. ಯಾವತ್ತಿಗಿಂತ ನಿಧಾನವಾಗಿ ಎಡಗೆನ್ನೆಯನ್ನು ಮಾಡುತ್ತ ಬಂದ. ಕಿವಿಯ ಕೆಳಗೆ ಬ್ಲೇಡು ಬಂದಾಗ ಕೇಳಿದ:

"ನಿನ್ನ ಕೇಸು ಏನು?"

ಗುಮಾಸ್ತರು ಕಣ್ಣು ತೆರೆದರು. "ಅಣ್ಣ, ಈಗ್ಯಾಕೆ?"

"ಎಂಟು ವರ್ಷ ಬಿಟ್ಟಿದ್ದೆ. ಹೇಳು."

ಬ್ಲೇಡಿನ ಕೆಳಗೆ ತಲೆ ಆಡಿಸುವಂತಿರಲಿಲ್ಲ. ನೊರೆ ಬೆಚ್ಚಗಿತ್ತು. ತಮಗೇ ಅಚ್ಚರಿಯಾಗುವಂತೆ ಗುಮಾಸ್ತರಿಗೆ ಮಾತು ಬಂತು. ಕಚೇರಿಯಲ್ಲಿ ಎದುರುಬದುರು ಎರಡು ಮೇಜು. ಹನ್ನೊಂದು ವರ್ಷ ಒಬ್ಬನೇ ಗೆಳೆಯನ ಮುಖ ನೋಡಿಕೊಂಡು ಕೆಲಸ ಮಾಡಿದ್ದು, ಒಟ್ಟಿಗೆ ಊಟದ ಡಬ್ಬಿ ಬಿಚ್ಚಿದ್ದು. ಒಬ್ಬ ಮುದುಕಿಯ ಪಿಂಚಣಿ ಫೈಲು. ಮೂರು ವರ್ಷದಿಂದ ಅವಳು ಓಡಾಡುತ್ತಿದ್ದದ್ದು. ಅವತ್ತು ಮಧ್ಯಾಹ್ನ ಗೆಳೆಯ ಆ ಫೈಲಿನ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದ್ದು, ಮಾತಿಗೆ ಮಾತು ಬೆಳೆದದ್ದು, ಇಬ್ಬರೂ ಎದ್ದು ನಿಂತದ್ದು. ನಡುವೆ ಮೇಜಿನ ಮೇಲೆ ಕಚೇರಿಯ ಕಬ್ಬಿಣದ ಮುದ್ರೆ ಇದ್ದದ್ದು.

"ಮುದ್ರೆ ಮೊದಲು ಯಾರ ಕೈಗೆ ಹೋಯ್ತು?" ಕ್ಷೌರದಣ್ಣನ ದನಿ ಮೆತ್ತಗಿತ್ತು.

ಗುಮಾಸ್ತರು ಕಣ್ಣು ಮುಚ್ಚಿಕೊಂಡರು.

"ಅವನ ಕೈಗೆ. ಅಲ್ವಾ? ಅವನ ಕೈಯಿಂದ ಕಿತ್ತುಕೊಂಡು ಹೊಡೆದೆ. ಇದು ಕೊಲೆ ಕೇಸೇ ಅಲ್ವಲ್ಲೋ. ಜಗಳದಲ್ಲಿ ಕೈಮೀರಿ ಆದದ್ದು. ಹತ್ತು ವರ್ಷದ ಒಳಗಿನ ಕಲಮು. ಇಂಥದ್ದು ನಾಲ್ಕು ಕೇಸು ನೀನೇ ಬರೆದು ಬಿಡಿಸಿದೀಯ. ಕೋರ್ಟಲ್ಲಿ ಹೇಳಿದ್ಯಾ?"

"ಹೇಳೋದೇನೂ ಇಲ್ಲ ಅಂದೆ."

"ಅಪೀಲು?"

"ಹಾಕಿಲ್ಲ."

"ಯಾಕೆ?"

"ಅವನ ಹೆಂಡತಿ ಮುಂದಿನ ಬೆಂಚಲ್ಲೇ ಕೂತಿದ್ಲು ಅಣ್ಣ. ದಿನಾ ಬರ್ತಿದ್ಲು. ಸತ್ತವನ ಬಗ್ಗೆ, ಅವಳ ಎದುರಿಗೆ, ಅವನೇ ಮೊದಲು ಅಂತ..."

ಕ್ಷೌರದಣ್ಣ ಎಡಗೆನ್ನೆಯ ಕೊನೆಯ ಗೆರೆ ಎಳೆದ. ಹೆಬ್ಬೆರಳಿನಿಂದ ಅಲ್ಲಿ ಒಮ್ಮೆ ಸವರಿ ನೋಡಿದ. ಒಂದು ಕೂದಲೂ ತಡೆಯಲಿಲ್ಲ.

"ನನ್ನ ಮಗಳು ನಿಜ ಹೇಳಿದ್ಲು," ಎಂದ. "ಅವಳಪ್ಪ ಎದುರಿಗೇ ನಿಂತಿದ್ದ."

ಬ್ಲೇಡನ್ನು ತೊಳೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟ. ಉಳಿದ ಏಳನ್ನೂ ಒಂದೊಂದಾಗಿ ಜೋಡಿಸಿದ. ಅಷ್ಟರಲ್ಲಿ ದೊಡ್ಡ ಗೇಟಿನ ಕಡೆಯಿಂದ ಮೀಸೆ ವಾರ್ಡರು ಕೂಗುತ್ತ ಬಂದ, ಈ ಸಲ ಹದಿನೇಳು ವರ್ಷದ ಹಿಂದಿನ ಆ ಹೆಸರನ್ನೇ ಹಿಡಿದು. "ಬಾರಯ್ಯ, ಹೊರಗೆ ಒಬ್ಬಾಕೆ ಆಗಲೇ ಬಂದು ನಿಂತಿದಾಳೆ, ಬೆಳಿಗ್ಗೆಯಿಂದ ನಾಲ್ಕು ಸಲ ಕೇಳಿದ್ಲು!"

ಕ್ಷೌರದಣ್ಣ ತೋಳು ಇಳಿಸಿಕೊಂಡ. ತೋಳಿನ ಗುಂಡಿ ತೂತಿಗೆ ಸಿಗಲಿಲ್ಲ, ಹಾಗೇ ಬಿಟ್ಟ. ಪೆಟ್ಟಿಗೆಯನ್ನು ವಾರ್ಡರನಿಗೆ ಒಪ್ಪಿಸಿದ. ಎಂಟೂ ಇದ್ದವು.

ಗುಮಾಸ್ತರು ಸ್ಟೂಲಿನಿಂದ ಏಳಲಿಲ್ಲ. ಎಡಗೆನ್ನೆಗೆ ಗಾಳಿ ತಣ್ಣಗೆ ತಾಗುತ್ತಿತ್ತು. ಬಲಗೆನ್ನೆಯ ಮೇಲೆ ನೊರೆ ಒಣಗಿ ಬಿಗಿಯತೊಡಗಿತ್ತು. ತಿಂಡಿಯ ಸಾಲಿನಲ್ಲಿ ನಿಂತಿದ್ದ ಲಾರಿ ಡ್ರೈವರು ಇತ್ತ ನೋಡಿದ, ಪಕ್ಕದವನನ್ನು ಮೊಣಕೈಯಿಂದ ತಿವಿದ, ಅವನೂ ನೋಡಿದ. ಆ ಮುಖದ ಅರ್ಥ ಗೊತ್ತಿಲ್ಲದವರು ಆ ಜೈಲಿನಲ್ಲಿ ಸಾಹೇಬರೊಬ್ಬರೇ.

"ಅಣ್ಣ, ಇದೊಂದು ಕೆನ್ನೆ ಮಾಡಿ ಹೋಗು," ಎಂದರು ಗುಮಾಸ್ತರು. "ಹೊಸ ಕ್ಷೌರದವನು ಬರೋಕೆ ಹದಿನೈದು ದಿನ ಆಗುತ್ತೆ."

ಕ್ಷೌರದಣ್ಣ ಗೇಟಿನ ಕಡೆಗೆ ನಾಲ್ಕು ಹೆಜ್ಜೆ ಹೋಗಿದ್ದ. ನಿಂತ. ವಾಪಸು ಬಂದು, ಜೇಬಿನಿಂದ ನಾಲ್ಕಾಗಿ ಮಡಿಸಿದ ಬಿಳಿ ಹಾಳೆಯನ್ನು ತೆಗೆದು, ಮಗಳ ಕಾಗದವನ್ನು ತಾನಿಟ್ಟುಕೊಂಡು, ಖಾಲಿ ಹಾಳೆಯನ್ನು ಗುಮಾಸ್ತರ ರಟ್ಟಿನ ಮೇಲೆ ಬಿಡಿಸಿ ಇಟ್ಟ.

"ಮಾಡಲ್ಲ," ಎಂದ.